ಮಡಕೆ ಚೂರಿನ ಸಾಕ್ಷಿ

೩ ಏಪ್ರಿಲ್ ೨೦೦೬, ಸೋಮವಾರ

ನಾಲ್ಕನೆಯ ಅಧ್ಯಾಯವನ್ನು ತೆಗೆದುಹಾಕಬೇಕಂತೆ. ಎಪ್ಪತ್ತೆರಡು ಪುಟ. ನನ್ನ ಗೈಡ್ ದತ್ತಾತ್ರೇಯ ಸರ್ ಈ ಮಾತನ್ನು ಚಹಾಕ್ಕೆ ಸಕ್ಕರೆ ಬೇಡ ಅನ್ನುವಷ್ಟು ಸಲೀಸಾಗಿ ಹೇಳಿಬಿಟ್ಟರು.

"ರೋಮಿನ ಆ ಚಿನ್ನದ ಪಿನ್ನಿನ ಸಹವಾಸ ಬಿಡಿ ಹರಿಣಿ. ಅದು ನಕಲಿ ಅಂತ ಇಟಲಿಯವರೇ ಬರೆದು ಇಪ್ಪತ್ತಾರು ವರ್ಷ ಆಯ್ತು. ನೀವು ದೆಹಲಿಯ ಜನಕಪುರಿಯಲ್ಲಿ ಕೂತು ಅಸಲಿ ಅಂದ್ರೆ ಯಾರು ಕೇಳ್ತಾರೆ?"

ಜನಕಪುರಿಯಲ್ಲಿ ಕೂತವರಿಗೆ ತಲೆ ಇರುವುದಿಲ್ಲವೇನು? ಬಾಯಿಗೆ ಬಂದದ್ದನ್ನು ನುಂಗಿಕೊಂಡು ಎದ್ದು ಬಂದೆ. ಆ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ, ಅದಕ್ಕೇ ಈ ನೋಟ್‌ಬುಕ್ಕು. ಮಗಳು ಸಂಯುಕ್ತಾಳ ಹೋದ ವರ್ಷದ ರಫ್ ಬುಕ್ಕಿನಲ್ಲಿ ಉಳಿದ ಹಾಳೆಗಳು. ಮನೆಯಲ್ಲಿ ಇದನ್ನು ಯಾರೂ ಓದುವುದಿಲ್ಲ. ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಗಂಡನಿಗೆ ಪುರುಸೊತ್ತಿಲ್ಲ.

ನನಗೆ ನಲವತ್ತೊಂದು. ಪಿಎಚ್.ಡಿ.ಗೆ ಸೇರಿ ಏಳು ವರ್ಷ. ಜೂನ್ ಮೂವತ್ತು ಕೊನೆಯ ಗಡುವು, ಇನ್ನು ವಿಸ್ತರಣೆ ಸಿಗುವುದಿಲ್ಲ. ಅದೇ ದಿನ ಸರ್ ನಿವೃತ್ತಿ. ಅವರ ಸಹಿ ಇಲ್ಲದೆ ಪ್ರಬಂಧವನ್ನು ಕೌಂಟರಿನಲ್ಲಿ ಮುಟ್ಟುವುದೂ ಇಲ್ಲ. ಅವರು ಹೋದ ಮೇಲೆ ಈ ವಿಷಯಕ್ಕೆ ದೆಹಲಿಯಲ್ಲಿ ಇನ್ನೊಬ್ಬ ಗೈಡ್ ಇಲ್ಲ. ಇಷ್ಟೆಲ್ಲ ಗೊತ್ತಿದ್ದೇ ಮುದುಕ ಹೆದರಿಸುತ್ತಿದ್ದಾರೆ. ಹೆದರುವ ಪೈಕಿ ನಾನಲ್ಲ. ನನ್ನ ಹೆಸರಿನ ಮುಂದೆ 'ಡಾ.' ಎಂದು ಬೀಳಲೇಬೇಕು, ಅದೂ ಎಪ್ಪತ್ತೆರಡು ಪುಟದ ಸಮೇತ.

೪ ಏಪ್ರಿಲ್

ತೆಗೆಯುವುದಿಲ್ಲ.

೯ ಏಪ್ರಿಲ್, ಭಾನುವಾರ

ಪಕ್ಕದ ಬ್ಲಾಕಿನ ಸುಶೀಲಾ ಮನೆಯಲ್ಲಿ ಊಟ. ಹತ್ತು ಹನ್ನೆರಡು ಜನ, ಎಲ್ಲ ನಮ್ಮಂತೆಯೇ ಊರು ಬಿಟ್ಟು ಬಂದ ಸರಕಾರಿ ನೌಕರರ ಸಂಸಾರಗಳು. ಬಿಸಿಬೇಳೆಬಾತಿನ ಜೊತೆ ನನ್ನನ್ನೂ ನಂಚಿಕೊಂಡರು.

"ಹರಿಣಿ ಅವ್ರೇ, ನಿಮ್ಮ ಪಿಎಚ್.ಡಿ. ಒಂದೇ ಒಂದು ವರ್ಬ್ ಮೇಲಂತೆ, ಹೌದಾ? ಒಂದು ಪದಕ್ಕೆ ಏಳು ವರ್ಷವಾ?" ಎಂದರು ಸುಶೀಲಾ.

"ನಿಮ್ಮ ಮನೆಯವರು ಒಂದೇ ಫೈಲಿನ ಮೇಲೆ ಒಂಬತ್ತು ವರ್ಷದಿಂದ ಕೂತಿಲ್ವಾ?" ಎಂದೆ.

ಎಲ್ಲರೂ ನಕ್ಕರು. ನನ್ನ ಗಂಡ ಮುರಳೀಧರ ಮಾತ್ರ ತಟ್ಟೆ ನೋಡುತ್ತಿದ್ದರು. ಅವರೂ ಸೆಕ್ಷನ್ ಆಫೀಸರ್, ಅವರ ಮೇಜಿನ ಮೇಲೂ ಅಂಥ ಫೈಲಿದೆ.

ಆಮೇಲೆ ಸುಶೀಲಾ ಅಡುಗೆಮನೆಯಲ್ಲಿ ನಿಜವಾಗಿಯೂ ಕೇಳಿದರು, ಹಾಗಾಗಿ ನಿಜವಾಗಿಯೂ ಹೇಳಿದೆ. ಲ್ಯಾಟಿನ್ ಮತ್ತು ಅದರ ಅಕ್ಕಪಕ್ಕದ ಭಾಷೆಗಳಿಗೆಲ್ಲ ಒಬ್ಬ ತಾಯಿ ಇದ್ದಳು. ಅವಳಿಗೆ ಇಟಾಲಿಕ್ ಮೂಲಭಾಷೆ ಎನ್ನುತ್ತೇವೆ. ಅವಳು ಒಂದಕ್ಷರವನ್ನೂ ಬರೆದಿಟ್ಟು ಹೋಗಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸಬೇಕು. ಅವಳ 'ಮಾಡು' ಎಂಬ ಕ್ರಿಯಾಪದ ನನ್ನದು. ನಮ್ಮ ಸಂಸ್ಕೃತದ ಧಾತು 'ಧಾ' ಇದೆಯಲ್ಲ, ಇಡು ಎಂಬರ್ಥದ್ದು, ವಿಧಾತ, ವಿಧಿ ಎಲ್ಲ ಅದರಿಂದಲೇ ಬಂದದ್ದು. ಅದರ ಹತ್ತಿರದ ನೆಂಟ ಇದು. ಅಲ್ಲಿಯವರ ಬಾಯಲ್ಲಿ 'ಇಡು' ಹೋಗಿ 'ಮಾಡು' ಆಯಿತು. ಫಕಿಯೋ, ಫಕಿಸ್, ಫಕಿತ್. ಮಾಡುತ್ತೇನೆ, ಮಾಡುತ್ತೀಯ, ಮಾಡುತ್ತಾನೆ. ಹಿಂದೆ ನಿಂತಿದ್ದ ಸಂಯುಕ್ತಾ ಮುಸಿಮುಸಿ ನಕ್ಕಳು. ಹದಿಮೂರು ವರ್ಷದವಳು, ಯಾಕೆ ನಕ್ಕಳೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಜಗಳ ಇರುವುದು 'ಮಾಡಿದನು' ಎಂಬುದರ ಬಗ್ಗೆ. ಲ್ಯಾಟಿನ್ನಿನಲ್ಲಿ ಅದು ಒಂಟಿ ರೂಪ, ಫೇಕಿತ್. ಪಕ್ಕದ ಆಸ್ಕನ್ ಭಾಷೆಯಲ್ಲಿ ಮೊದಲ ಅಕ್ಷರ ಎರಡು ಸಲ ಬರುತ್ತದೆ, ಫೆಫಾಕ್ ಎಂದು. ತಾಯಿ ಯಾವುದನ್ನು ಹೇಳುತ್ತಿದ್ದಳು? ತೀರಾ ಹಳೆಯ ಲ್ಯಾಟಿನ್ನಿನಲ್ಲೂ ಜೋಡಿ ರೂಪ ಸಿಕ್ಕರೆ, ಇಬ್ಬರು ಮಕ್ಕಳಲ್ಲೂ ಇದೆ ಎಂದಾಯಿತು, ತಾಯಿಯಲ್ಲೂ ಇತ್ತು ಎನ್ನಬಹುದು. ನನ್ನ ಬಳಿ ಎರಡು ಸಾಕ್ಷಿಗಳಿವೆ. ಒಂದು ಮಡಕೆಯ ಚೂರು, ಅದು ಮೂರನೆಯ ಅಧ್ಯಾಯ. ಇನ್ನೊಂದು ರೋಮಿನಲ್ಲಿರುವ ಚಿನ್ನದ ಪಿನ್ನು, ಬಟ್ಟೆಗೆ ಸಿಕ್ಕಿಸಿಕೊಳ್ಳುವಂಥದ್ದು. ಅದರ ಮೇಲೆ ನಾಲ್ಕೇ ಪದ: 'ಮಾನಿಯೊಸ್ ಮೆದ್ ಫೆಫಾಕೆದ್ ನುಮಾಸಿಯೊಯ್'. ನುಮಾಸಿಯನಿಗಾಗಿ ಮಾನಿಯ ನನ್ನನ್ನು ಮಾಡಿದ. ಅದು ನಾಲ್ಕನೆಯ ಅಧ್ಯಾಯ. ಅದನ್ನೇ ಸರ್ ತೆಗೆಯಿರಿ ಎನ್ನುತ್ತಿರುವುದು.

"ಮಡಕೆ ಇದ್ದ ಮೇಲೆ ಚಿನ್ನ ಯಾಕ್ರೀ?" ಎಂದರು ಸುಶೀಲಾ. ಸರ್ ಹೇಳುವುದೂ ಅದನ್ನೇ. ನಾನು ಪಾತ್ರೆ ಒರೆಸತೊಡಗಿದೆ.

೨೨ ಏಪ್ರಿಲ್, ಶನಿವಾರ

ಸರ್‌ಗೆ ಬುದ್ಧಿ ಕಲಿಸುವ ಹಟದಲ್ಲಿ ಮೆಟ್ರೋ ಹತ್ತಿ ಕರೋಲ್ ಬಾಗಿಗೆ ಹೋದೆ. ಚಿನ್ನದ ಮೇಲೆ ಕೊರೆದ ಬರಹ ಹಳೆಯದೋ ಹೊಸದೋ ಎಂದು ಚಿನ್ನದ ಕೆಲಸದವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸುಶೀಲಾ ಅವರ ಬಳೆ ಮಾಡಿಕೊಟ್ಟ ಬಂಗಾಳಿ ಅಕ್ಕಸಾಲಿಗ ಮಂಡಲ್ ಬಾಬು, ಮೂರನೆಯ ಮಹಡಿಯ ಗೂಡಿನಂಥ ಕೋಣೆಯಲ್ಲಿ ಕೂತಿದ್ದರು. ಪಿನ್ನಿನ ಫೋಟೋ ಜೆರಾಕ್ಸ್ ಕೊಟ್ಟೆ. ಕನ್ನಡಕ ಏರಿಸಿ ನೋಡಿದರು, ತಿರುಗಿಸಿ ನೋಡಿದರು, ವಾಪಸ್ ಕೊಟ್ಟರು.

"ಅಸಲಿ ಚೀಜ್ ಎಲ್ಲಿದೆ ಮೇಡಮ್?"

"ರೋಮಿನಲ್ಲಿ."

"ನೀವು ನೋಡಿದ್ದೀರಾ?"

"ಇಲ್ಲ."

"ನಕಲಿ ಅಂತಾರಲ್ಲ ನಿಮ್ಮ ಸಾಹೇಬರು, ಅವರು ನೋಡಿದಾರಾ?"

"ಅವರೂ ಇಲ್ಲ."

ಮಂಡಲ್ ಬಾಬು ಬಹಳ ಮರ್ಯಾದೆಯಿಂದ ಹೇಳಿದರು, ಅದೇ ಹೆಚ್ಚು ಚುಚ್ಚಿತು: "ನಾನು ಕೈಗೆ ತಗೊಳ್ಳದೆ ಯಾವ ಚಿನ್ನದ ಬಗ್ಗೆಯೂ ಬಾಯಿ ಬಿಡಲ್ಲ. ನೀವು ಓದಿದವರು, ಕಾಗದ ನೋಡಿ ಜಗಳ ಆಡ್ತೀರಿ."

ವಾಪಸ್ ಬರುವಾಗ ಮೆಟ್ರೋದಲ್ಲಿ ಸೀಟು ಸಿಕ್ಕಿದರೂ ಕೂರಲಿಲ್ಲ. ಸರಿ, ಕಾಗದ ನೋಡಿ ಜಗಳ ಆಡುವವಳೇ ನಾನು. ಹಾಗಾದರೆ ಮೊಟ್ಟಮೊದಲ ಕಾಗದವನ್ನೇ ನೋಡುತ್ತೇನೆ. ಪ್ರಬಂಧದಲ್ಲಿರುವ ಪ್ರತಿಯೊಂದು ರೂಪವನ್ನೂ ಅದನ್ನು ಮೊದಲು ಅಚ್ಚು ಹಾಕಿಸಿದ ಸಂಪುಟದಲ್ಲಿ, ಚಿತ್ರದ ಸಮೇತ. ಆಮೇಲೆ ಸರ್ ಮುಂದೆ ರಾಶಿ ಹಾಕುತ್ತೇನೆ. ಆಗ ಏನು ಹೇಳುತ್ತಾರೋ ನೋಡೋಣ.

೨ ಮೇ

ಹಳೆಯ ಸಂಪುಟಗಳು ಗ್ರಂಥಾಲಯದ ನೆಲಮಾಳಿಗೆಯಲ್ಲಿವೆ. ಫ್ಯಾನಿಲ್ಲ. ಪ್ರಬಂಧದ ಒಂದೊಂದು ರೂಪಕ್ಕೂ ಒಂದು ಕಾರ್ಡು ಬರೆದಿಟ್ಟುಕೊಂಡಿದ್ದೇನೆ. ಇವತ್ತು ನಲವತ್ತು ಕಾರ್ಡು ತಾಳೆ ನೋಡಿದೆ, ನಲವತ್ತೂ ಸರಿ. ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ: ಕಲ್ಲಿನ ಮೇಲೋ ಲೋಹದ ಮೇಲೋ ಮಡಕೆಯ ಮೇಲೋ ಬರೆದದ್ದು ಇದ್ದರೆ ಕಾರ್ಡಿನಲ್ಲಿ ನೀಲಿ ಶಾಯಿ. ಬರೀ ಊಹೆಯಾದರೆ ಪೆನ್ಸಿಲು, ಪದದ ಮುಂದೆ ಒಂದು ನಕ್ಷತ್ರ. ಸರ್ ಕಲಿಸಿದ್ದು. ನಾನು ಒಂದು ನಕ್ಷತ್ರವನ್ನೂ ತಪ್ಪಿಸಿದವಳಲ್ಲ.

೧೧ ಮೇ, ಗುರುವಾರ

ಮಡಕೆ ಚೂರಿನ ಚಿತ್ರ ಸಿಕ್ಕಿತು. 'ಮೆದ್' ಎಂದಿದೆ. ಆಮೇಲೆ 'ಫೆ' ಎಂದಿದೆ. ಅಲ್ಲಿಗೆ ಮಡಕೆ ಒಡೆದಿದೆ.

ಮುಂದಿನ ಅಕ್ಷರಗಳನ್ನು ಸಂಪಾದಕ ತನ್ನ ಊಹೆಯಿಂದ ಚೌಕ ಕಂಸದಲ್ಲಿ ತುಂಬಿದ್ದಾನೆ. ಜೋಡಿ ರೂಪವೂ ಇರಬಹುದು, ಒಂಟಿ ರೂಪವೂ ಇರಬಹುದು ಎಂದು ಕೆಳಗೆ ಸ್ಪಷ್ಟವಾಗಿ ಬರೆದಿದ್ದಾನೆ. ನನ್ನ ಕಾರ್ಡು ತೆಗೆದು ನೋಡಿದೆ. ೧೯೯೯ರ ನವೆಂಬರ್, ನನ್ನದೇ ದುಂಡಕ್ಷರ. ಇಡೀ ಪದ, ಕಂಸವಿಲ್ಲ, ನೀಲಿ ಶಾಯಿ. ಯಾವುದೋ ಕೈಪಿಡಿಯಿಂದ ನಕಲು ಮಾಡಿದ್ದೇನೆ. ಮೂಲ ನೋಡಿಲ್ಲ. ಏಳು ವರ್ಷ ನೋಡಿಲ್ಲ.

೧೨ ಮೇ

ಎಣ್ಣೆಗಾಯಿ ಮಾಡಿದೆ. ಉಪ್ಪು ಹೆಚ್ಚಾಯಿತು. ಇಬ್ಬರೂ ಮೊಸರು ಹಾಕಿಕೊಂಡು ತಿಂದರು.

೧೪ ಮೇ, ಭಾನುವಾರ

ಮುರಳೀಧರರಿಗೆ ಹೇಳಿದೆ. ಪೇಪರು ಮಡಿಸಿಟ್ಟು ಪೂರ್ತಿ ಕೇಳಿದರು, ಅದೇ ದೊಡ್ಡದು.

"ಪ್ರಪಂಚದಲ್ಲಿ ಈ ಮಡಕೆ ಚೂರನ್ನ ಎಷ್ಟು ಜನ ನೋಡಿರ್ತಾರೆ?" ಎಂದರು.

"ಐದು ಜನ ಇರಬಹುದು."

"ಅವರಲ್ಲಿ ಯಾರಾದ್ರೂ ನಿನ್ನ ಥೀಸಿಸ್ ಓದ್ತಾರಾ?"

"ಇಲ್ಲ."

"ಮತ್ತೆ? ಸುಮ್ನೆ ಕೊಟ್ಟುಬಿಡು ಹರಿಣಿ. ಡಿಗ್ರಿ ಬಂದ ಮೇಲೆ ತಿದ್ದಿಕೊಂಡ್ರಾಯ್ತು."

"ನಾನು ನೋಡಿದೀನಲ್ರೀ. ಆರನೆಯವಳು ನಾನು."

"ಏಳು ವರ್ಷ ಸಂಯುಕ್ತಾಳನ್ನ ಟ್ಯೂಷನ್ನಿಗೆ ಬಿಟ್ಟು, ಕರ್ಕೊಂಡು ಬಂದು, ಕುಕ್ಕರ್ ಕೂಗಿಸಿದವನು ನಾನು," ಎಂದರು. ದನಿ ಏರಿಸಲಿಲ್ಲ. "ಅದೂ ಸ್ವಲ್ಪ ಲೆಕ್ಕಕ್ಕಿರಲಿ."

ಅದು ಲೆಕ್ಕಕ್ಕಿದೆ. ಅದಕ್ಕೇ ಅಳು ಬಂತು. ಬಾತ್ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಇನ್ನೊಂದು ಇದೆ, ಅದನ್ನು ಅವರಿಗೂ ಹೇಳಲಿಲ್ಲ. ಹೋದ ವರ್ಷ ಸರ್ ಹೊರದೇಶದ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಅವರ ಕೊನೆಯ ದೊಡ್ಡ ಲೇಖನ. ಅದು ನಿಂತಿರುವುದು ಈ ಚೂರಿನ ಮೇಲೆ. ಅಡಿಟಿಪ್ಪಣಿಯಲ್ಲಿ 'ಇದನ್ನು ನನ್ನ ಗಮನಕ್ಕೆ ತಂದ ವಿದ್ಯಾರ್ಥಿನಿ ಹರಿಣಿಗೆ ಋಣಿ' ಎಂದಿದೆ. ಆ ಅಡಿಟಿಪ್ಪಣಿಯನ್ನು ನಾನು ಊರಿಗೆಲ್ಲ ಜೆರಾಕ್ಸ್ ಮಾಡಿ ಕಳಿಸಿದ್ದೆ.

೨೪ ಮೇ, ಬುಧವಾರ

ಸರ್‌ಗೆ ಹೇಳಿಯೇ ಬಿಡುತ್ತೇನೆಂದು ಹೋದೆ. ಅವರೇ ಮೊದಲು ಮಾತಾಡಿದರು. ಮುಖ ನಗುನಗುತ್ತಿತ್ತು.

"ನಿಮ್ಮ ಹಟಕ್ಕೆ ಸೋತೆ ಮಾರಾಯ್ರೇ. ಆ ಪಿನ್ನನ್ನ ಒಂದು ಅಡಿಟಿಪ್ಪಣಿಯಲ್ಲಿ ಇಟ್ಕೊಳ್ಳಿ. ಚೂರು ಗಟ್ಟಿಯಾಗಿದೆಯಲ್ಲ, ಅಷ್ಟು ಸಾಕು. ಒಂಬತ್ತನೇ ತಾರೀಕು ಸೆಮಿನಾರ್ ಮುಗಿಸಿ, ಮಾರನೇ ದಿನ ಸಹಿ ಹಾಕ್ತೀನಿ."

"ಆಗಲಿ ಸರ್," ಎಂದೆ. ಅಷ್ಟೇ ಎಂದೆ. ಕಾಫಿ ತರಿಸಿದರು, ಕುಡಿದು ಬಂದೆ.

ಹೇಳಬೇಕಾದ ದಿನ ಹೇಳುತ್ತೇನೆ. ಇಂಥ ದಿನವೇ ಹೇಳಬೇಕೆಂದು ನನಗೆ ಯಾರೂ ಅಪ್ಪಣೆ ಕೊಡಬೇಕಿಲ್ಲ. ಇದನ್ನು ಬರೆದ ಮೇಲೂ ಸಮಾಧಾನವಿಲ್ಲ.

೯ ಜೂನ್, ಶುಕ್ರವಾರ

ಹೇಳಿದೆ.

ವಿಭಾಗದ ಕೋಣೆಯಲ್ಲಿ ಹದಿನಾಲ್ಕು ಜನ. ಮೊದಲೆರಡು ಅಧ್ಯಾಯ ಚೆನ್ನಾಗಿಯೇ ನಡೆಯಿತು. ಸರ್ ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದರು. ಮೂರನೆಯದಕ್ಕೆ ಬಂದು ಟ್ರಾನ್ಸ್‌ಪರೆನ್ಸಿ ಹಾಳೆಯನ್ನು ಪ್ರೊಜೆಕ್ಟರಿನ ಮೇಲಿಟ್ಟೆ. ಗೋಡೆಯ ಮೇಲೆ ಮಡಕೆ ಚೂರು ದೊಡ್ಡದಾಗಿ ಬಿತ್ತು.

"ಇಲ್ಲಿ ಒಡೆದಿದೆ. ಇದರಾಚೆಗೆ ಬರಹ ಇಲ್ಲ. ಇದೆ ಅಂತ ನಾನು ಏಳು ವರ್ಷದಿಂದ ಬರೆದುಕೊಂಡು ಬಂದಿದ್ದೀನಿ. ಮೂಲ ನೋಡದೆ ನಕಲು ಮಾಡಿದ್ದು ನಾನು. ಈ ಅಧ್ಯಾಯ ನಿಲ್ಲೋದಿಲ್ಲ."

ಸರ್ ಗೋಡೆಯನ್ನೇ ನೋಡುತ್ತಿದ್ದರು. ಅಲ್ಲಿಂದ ಕಣ್ಣು ತೆಗೆಯದೆ ಕೇಳಿದರು: "ಹಾಗಾದ್ರೆ ಮೂಲಭಾಷೆಯಲ್ಲಿ ಜೋಡಿ ರೂಪ ಇತ್ತು ಅಂತ ಹೇಳೋಕೆ ಏನು ಉಳಿಯಿತು?"

"ಆಸ್ಕನ್ ಇದೆ ಸರ್. ಪಿನ್ನು ಇದೆ, ಅದು ಅಸಲಿ ಆದರೆ."

"ಅಂದ್ರೆ ಇತ್ತು ಅಂತ ಹೇಳೋಕಾಗಲ್ಲ."

"ಆಗಲ್ಲ."

ವಿಭಾಗದ ಮುಖ್ಯಸ್ಥರು ಸರ್ ಕಡೆ ತಿರುಗಿ, "ನಿಮ್ಮ ಲೇಖನದಲ್ಲೂ ಇದೇ ಚೂರಲ್ವಾ?" ಎಂದರು. ಎಲ್ಲರ ಮುಂದೆ. ಸರ್ "ಹೌದು" ಎಂದರು.

ಕಾರಿಡಾರಿನಲ್ಲಿ ನಾನೇ ಹಿಂದೆ ಹೋದೆ. ತಲೆಯೆತ್ತಿಕೊಂಡೇ ಹೋದೆ, ನಿಜ ಹೇಳಿದವಳು ಎಂಬ ಜಂಬದಲ್ಲಿ.

"ಯಾವಾಗ ಗೊತ್ತಾಯ್ತು?" ಎಂದರು.

"ಮೇ ಹನ್ನೊಂದು."

"ಇಪ್ಪತ್ನಾಲ್ಕನೇ ತಾರೀಕು ನನ್ನ ರೂಮಲ್ಲಿ ಕೂತು ಕಾಫಿ ಕುಡಿದ್ರಿ."

"ಹೌದು ಸರ್."

"ಅವತ್ತು ನಾವಿಬ್ಬರೇ ಇದ್ವಿ ಹರಿಣಿ. ಇವತ್ತು ಹದಿನಾಲ್ಕು ಜನ. ನನಗೊಬ್ಬನಿಗೆ ಹೇಳೋಕೆ ಧೈರ್ಯ ಸಾಲದೆ ಸಭೆಯಲ್ಲಿ ಹೇಳಿದ್ರಿ."

ಮುಖಕ್ಕೆ ಹೊಡೆದ ಹಾಗಾಯಿತು. ಎಲ್ಲರೂ ನನ್ನನ್ನು ಧೈರ್ಯಸ್ಥೆ ಅಂದುಕೊಂಡು ಮನೆಗೆ ಹೋಗಿರುತ್ತಾರೆ. ಸರ್ ಹೇಳಿದ್ದು ಸರಿ.

೧೧ ಜೂನ್

ಫೋನ್ ಮಾಡಿದೆ. ತಪ್ಪಾಯಿತು ಎಂದೆ. "ಹ್ಞೂಂ" ಎಂದು ಇಟ್ಟರು.

೧೩ ಜೂನ್, ಮಂಗಳವಾರ

ಬೆಳಿಗ್ಗೆ ಏಳಕ್ಕೆ ಅವರದೇ ಫೋನು. "ಕಾರ್ಡಿನ ಪೆಟ್ಟಿಗೆ ಎಲ್ಲ ತಗೊಂಡು ಲೈಬ್ರರಿಗೆ ಬನ್ನಿ. ಹದಿನೇಳು ದಿನ ಇದೆ. ಒಂದೊಂದನ್ನೂ ನೋಡೋಣ. ನೋಡಿದ್ದು ಮಾತ್ರ ಇರಲಿ, ಉಳಿದದ್ದು ಹೋಗಲಿ."

ಒಟ್ಟು ಆರುನೂರ ಹದಿನಾಲ್ಕು ಕಾರ್ಡು. ಸಂಯುಕ್ತಾಗೆ ಬೇಸಿಗೆ ರಜೆ, ಬರುತ್ತೇನೆಂದಳು. "ಮಮ್ಮಾ, ನಾನು ನಂಬರ್ ಓದ್ತೀನಿ, ನೀವಿಬ್ರೂ ಬುಕ್ ಮೇ ಢೂಂಢೋ," ಎಂದು ನೆಲದ ಮೇಲೆ ಕೂತಳು. ಸರ್ ಅವಳಿಗೆ ನೀಲಿ ಶಾಯಿ ಯಾವುದಕ್ಕೆ, ಪೆನ್ಸಿಲು ಯಾವುದಕ್ಕೆ ಎಂದು ಹೇಳಿಕೊಟ್ಟರು. ಅವಳು ಹಿಂದಿಯಲ್ಲಿ ಕೇಳಿದಳು, ಅವರು ಕನ್ನಡದಲ್ಲಿ ಹೇಳಿದರು, ಇಬ್ಬರಿಗೂ ತೊಂದರೆಯಾಗಲಿಲ್ಲ.

೧೭ ಜೂನ್

ಇನ್ನೂ ಎರಡು ತಪ್ಪು ಸಿಕ್ಕಿತು. ಒಂದು ನನ್ನದು, ಒಂದು ಸರ್ ಹಿಂದೆ ತಿದ್ದುವಾಗ ಮಾಡಿದ್ದು. ಅವರದ್ದನ್ನು ತೋರಿಸಿದಾಗ ಒಂದು ಗಂಟೆ ವಾದ ಮಾಡಿದರು. ನಾನೂ ಬಿಡಲಿಲ್ಲ. ಕೊನೆಗೆ ಅವರೇ ಹೊಡೆದು ಹಾಕಿದರು.

೨೦ ಜೂನ್

ಕರೆಂಟಿಲ್ಲ. ಟಾರ್ಚಿನಲ್ಲಿ ಐವತ್ತೊಂದು ಕಾರ್ಡು.

೨೨ ಜೂನ್, ಗುರುವಾರ

ಊಟದ ಹೊತ್ತಿನಲ್ಲಿ ಸರ್ ಹೇಳಿದರು: "ನಿಮ್ಮ ನಾಲ್ಕನೇ ಅಧ್ಯಾಯ ನಿನ್ನೆ ಓದಿದೆ."

"ಮತ್ತೆ ಓದಿದ್ರಾ ಸರ್?"

"ಮತ್ತೆ ಅಲ್ಲ. ಮೊದಲ ಸಲ." ಡಬ್ಬಿಯ ಮುಚ್ಚಳ ಹಾಕುತ್ತಾ ಹೇಳಿದರು. "ನಕಲಿ ಅನ್ನೋದು ನನ್ನ ತಲೇಲಿ ಕೂತುಬಿಟ್ಟಿತ್ತು. ಓದೋ ಅಗತ್ಯ ಕಾಣಲಿಲ್ಲ. ಚೆನ್ನಾಗಿದೆ. ಎಪ್ಪತ್ತೆರಡು ಪುಟ ಬೇಡ, ಒಂಬತ್ತು ಸಾಕು. ಅಸಲಿ ಅನ್ನಬೇಡಿ, ನಕಲಿ ಅನ್ನಬೇಡಿ, ಇನ್ನೂ ತೀರ್ಮಾನ ಆಗಿಲ್ಲ ಅನ್ನಿ. ಇರಲಿ ಅದು."

ಓದದೆಯೇ ತೆಗೆಯಿರಿ ಅಂದಿದ್ದರು. ಎಂಥ ಸಿಟ್ಟು ಬರಬೇಕಿತ್ತು. ಬಿಸಿಲಿಗೆ ಅವರ ಮುಖ ಬಾಡಿತ್ತು, ನನ್ನ ಪಾಲಿನ ಮಜ್ಜಿಗೆಯನ್ನೂ ಅವರಿಗೇ ಕೊಟ್ಟೆ. ಸಂಜೆ ಒಂಬತ್ತು ಪುಟಕ್ಕೆ ಇಳಿಸಿದೆ. ಅಷ್ಟೇ ಇದ್ದದ್ದು, ಉಳಿದದ್ದೆಲ್ಲ ಜಗಳ.

೨೭ ಜೂನ್

ಮುಗಿಯಿತು. ಮುನ್ನೂರ ಹತ್ತು ಪುಟ ಇದ್ದದ್ದು ನೂರ ಮೂವತ್ತಾರಾಗಿದೆ. ತಾಯಿಭಾಷೆಯಲ್ಲಿ 'ಮಾಡಿದನು' ಎಂಬುದು ಹೇಗಿತ್ತೆಂದು ಈಗಿರುವ ಸಾಕ್ಷಿಯಿಂದ ಹೇಳಲಾಗದು ಎಂಬುದೇ ಅದರ ಕೊನೆಯ ಮಾತು. ಇದಕ್ಕೆ ಡಿಗ್ರಿ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದರು ಸರ್. ಬೈಂಡಿಂಗಿಗೆ ಕೊಟ್ಟು ಬಂದೆ.

೩೦ ಜೂನ್, ಶುಕ್ರವಾರ

ಮುರಳೀಧರ ಅರ್ಧ ದಿನ ರಜೆ ಹಾಕಿ ಐದೂ ಪ್ರತಿ ಹೊತ್ತುಕೊಂಡು ಬಂದರು. ಸರ್ ಅವರ ಬೀಳ್ಕೊಡುಗೆ ಮೂರು ಗಂಟೆಗೆ ಮುಗಿಯಿತು. ಕೊರಳಿನ ಹಾರವನ್ನು ಯಾರದೋ ಕೈಗೆ ಕೊಟ್ಟು ನಮ್ಮ ಜೊತೆ ಪರೀಕ್ಷಾ ವಿಭಾಗಕ್ಕೆ ಬಂದರು. ಪ್ರೊಫೆಸರುಗಳು ಆ ಕೌಂಟರಿನ ಹತ್ತಿರ ಸುಳಿಯುವುದಿಲ್ಲ.

ಗುಮಾಸ್ತ ಪುಟ ತಿರುವಿದ. ಗೈಡಿನ ಪ್ರಮಾಣಪತ್ರದ ಹತ್ತಿರ ಬೆರಳು ನಿಂತಿತು. 'ಈ ಪ್ರಬಂಧವನ್ನು ನಾನು ಆದ್ಯಂತ ಪರಿಶೀಲಿಸಿದ್ದೇನೆ' ಎಂದು ಅಚ್ಚಾಗಿರುವ ಸಾಲು, ಅದರಡಿ ಸಹಿ. ಅದರ ಕೆಳಗೆ ಸರ್ ತಮ್ಮ ಕೈಯಲ್ಲಿ ಬರೆದಿದ್ದರು. ನಾನೂ ಆಗಲೇ ಮೊದಲು ನೋಡಿದ್ದು: 'ಮಡಕೆ ಚೂರಿನ ಪಾಠವನ್ನು ಮೂಲದೊಡನೆ ಹೋಲಿಸದೆ ಇಷ್ಟು ವರ್ಷ ಒಪ್ಪಿದ್ದು, ನನ್ನ ಲೇಖನದಲ್ಲಿ ಬಳಸಿದ್ದು ನನ್ನ ತಪ್ಪು. ಅದನ್ನು ಕಂಡುಹಿಡಿದು ಬಹಿರಂಗವಾಗಿ ತಿದ್ದಿದವರು ಈ ಅಭ್ಯರ್ಥಿ.'

"ಮೇಡಮ್, ಇದರ ಮೇಲೆ ಎಕ್ಸ್‌ಟ್ರಾ ಏನೂ ಬರೆಯೋ ಹಾಗಿಲ್ಲ," ಎಂದ ಗುಮಾಸ್ತ. "ಹೊಸ ಫಾರಂ ತಗೊಳ್ಳಿ. ಸರ್ ಇಲ್ಲೇ ಇದಾರೆ, ಸೈನ್ ಮಾಡ್ಲಿ. ದೋ ಮಿನಿಟ್ ಕಾ ಕಾಮ್ ಹೈ."

ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಐದಕ್ಕೆ ಕಿಟಕಿ ಮುಚ್ಚುತ್ತದೆ. ಸರ್ ಜೇಬಿನಿಂದ ಪೆನ್ನು ತೆಗೆದು, "ಕೊಡಪ್ಪ, ಹೊಸದು ಕೊಡು. ಇವರ ಡಿಗ್ರಿ ಮುಖ್ಯ," ಎಂದರು.

ನಾನು ಪ್ರಮಾಣಪತ್ರದ ಮೇಲೆ ಅಂಗೈ ಇಟ್ಟೆ.

"ಇದೇ ಫಾರಂ."

"ಹರಿಣಿ, ಹಟ ಮಾಡಬೇಡಿ," ಎಂದರು ಸರ್.

"ನೀವು ಬರೆದದ್ದನ್ನ ತೆಗೆಯೋಕೆ ಬಿಡಲ್ಲ ಸರ್. ಇದು ಹೋದರೆ ತಪ್ಪೆಲ್ಲ ನಂದೊಬ್ಬಳದ್ದೇ ಆಗತ್ತೆ, ತಿದ್ದಿದ ಹೆಚ್ಚುಗಾರಿಕೆಯೂ ನಂದೊಬ್ಬಳದ್ದೇ ಆಗತ್ತೆ. ಎರಡೂ ಸುಳ್ಳು." ಗುಮಾಸ್ತನ ಕಡೆ ತಿರುಗಿದೆ. "ಬರೆಯೋ ಹಾಗಿಲ್ಲ ಅಂತ ಎಲ್ಲಿದೆ? ತೋರಿಸಿ."

ಅವನು ನಿಯಮದ ಪುಸ್ತಕ ತೆಗೆದ. ಆಗ ಮುರಳೀಧರ ಪ್ರತಿಗಳನ್ನು ಕೆಳಗಿಟ್ಟು ಮುಂದೆ ಬಂದರು. ಪುಸ್ತಕ ತಮ್ಮ ಕಡೆ ತಿರುಗಿಸಿಕೊಂಡು, ಆಫೀಸಿನಲ್ಲಿ ಫೈಲು ನೋಡುವ ಹಾಗೆ ಬೆರಳಾಡಿಸಿದರು.

"ಭಾಯಿ ಸಾಹೇಬ್, ಪ್ರಮಾಣಪತ್ರ ಈ ನಮೂನೆಯಲ್ಲಿರಬೇಕು ಅಂತಿದೆ. ಈ ನಮೂನೆಯಲ್ಲೇ ಇದೆ. ಕೆಳಗೆ ಷರಾ ಬರೀಬಾರದು ಅಂತ ಎಲ್ಲೂ ಇಲ್ಲ. ನೀವು ವಾಪಸ್ ಕಳಿಸೋದಾದ್ರೆ ಕಾರಣ ಬರೆದು ಸಹಿ ಹಾಕಿ ಕೊಡಿ."

ಬರೆದು ಕೊಡಿ ಎಂದದ್ದೇ ಗುಮಾಸ್ತ ಎದ್ದು ಒಳಗೆ ಹೋದ. ಇಪ್ಪತ್ತು ನಿಮಿಷ ಬರಲಿಲ್ಲ. ನಾನು ಅಂಗೈ ಎತ್ತಲಿಲ್ಲ. ಸರ್ ಬೆಂಚಿನ ಮೇಲೆ ಕೂತರು, ಸಂಯುಕ್ತಾ ಅವರಿಗೆ ನೀರಿನ ಬಾಟಲಿ ಕೊಟ್ಟಳು. ನಾಲ್ಕೂ ಐವತ್ತೆರಡಕ್ಕೆ ಅವನು ಬಂದು, ರಿಜಿಸ್ಟರಿನಲ್ಲಿ 'ಷರಾ ಸಹಿತ' ಎಂದು ಬರೆದು, ಐದೂ ಪ್ರತಿಗೆ ಮೊಹರು ಒತ್ತಿದ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಸರ್ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

"ಪರೀಕ್ಷಕರು ಮೊದಲು ನೋಡೋದು ಆ ಪುಟವನ್ನೇ," ಎಂದರು. "ಅಲ್ಲೇ ಮಡಿಸಿ ಪಕ್ಕಕ್ಕಿಟ್ರೂ ಇಡಬಹುದು."

"ಇಡಲಿ ಸರ್," ಎಂದೆ. "ಓದಿ ಇಡಲಿ."